ಉಣ್ಣೆಯಿಲ್ಲದೆ ನೂಲುವವಳು

ಅದೇನೇ ಪುಟ್ಟಿ ಒದ್ದಾಟ, ಈ ಮಗ್ಗುಲಿಗೊಂದು ಸಲ ಆ ಮಗ್ಗುಲಿಗೊಂದು ಸಲ! ಹೊದಿಕೆ ಎಳ್ಕೋ. ಕಾಲು ನನ್ನ ಮೇಲೆ ಹಾಕು, ಬೇಡ ಅನ್ನಲ್ಲ, ಆದ್ರೆ ಅಲ್ಲಾಡಿಸ್ಬೇಡ. ನಾನು ಹೇಳ್ತಿರ್ತೀನಿ, ನೀನು ಹೂಂ ಅಂತಿರ್ಬೇಕು. ನಿನ್ನ ಹೂಂ ನಿಂತರೆ ನನ್ನ ಕತೆನೂ ನಿಲ್ಲುತ್ತೆ, ಆಮೇಲೆ ಅಜ್ಜಿ ಮೋಸ ಮಾಡಿದ್ಲು ಅನ್ನೋ ಹಾಗಿಲ್ಲ.

ಒಂದಾನೊಂದು ಕಾಲದಲ್ಲಿ, ಅಂದ್ರೆ ನಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿ ಇದ್ದಾಗ ಅಂತಿಟ್ಕೋ, ಬಯಲುಸೀಮೇಲಿ ಒಂದು ಬಂಡೆಗುಡ್ಡದ ಕೆಳಗೆ ಒಂದು ಹಟ್ಟಿ ಇತ್ತಂತೆ. ಮೂವತ್ತು ಮನೆ, ಲೆಕ್ಕವಿಲ್ಲದಷ್ಟು ಕುರಿ. ಪ್ರಾಯದ ಗಂಡಸರು ಕುರಿ ಮೇಯಿಸೋರು, ಹೆಂಗಸರು ಉಣ್ಣೆ ನೂಲೋರು, ವಯಸ್ಸಾದ ಗಂಡಸರು ಗುಣಿಮಗ್ಗದಲ್ಲಿ ಕಾಲು ಇಳಿಬಿಟ್ಟುಕೊಂಡು ಕಂಬಳಿ ನೇಯೋರು. ಆ ಹಟ್ಟಿಗೆ ಒಂದು ಕಟ್ಟಳೆ ಇತ್ತಂತೆ. ಸೊಸೆಯಾಗಿ ಬಂದೋಳು ತವರಿನಿಂದ ತನ್ನ ಕದಿರು ತರಬೇಕು, ಉಣ್ಣೆ ನೂಲ್ತಾರಲ್ಲ, ಆ ಕದಿರು. ನೂತು ಮುಗಿದ ಮೇಲೆ ಅದನ್ನ ಬಾಗಿಲ ಮೇಲಿನ ಸೂರಿಗೆ ಸಿಕ್ಕಿಸಬೇಕು. ಅಲ್ಲಿ ಅದು ಇದ್ದಷ್ಟು ದಿನ ಅವಳು ಆ ಮನೆಯೋಳು. ಅವಳೇ ಅದನ್ನ ತಗೊಂಡು ಹಟ್ಟಿಯ ಗಡಿಕಲ್ಲು ದಾಟಿದ್ಲೋ, ಮುಗೀತು, ಮದುವೆ ಬಿಚ್ಚಿತು ಅಂತ. ಪಂಚಾಯ್ತಿ ಇಲ್ಲ, ಕೂಗಾಟ ಇಲ್ಲ. ಹೊರಟೋಳನ್ನ ಯಾರೂ ಹಿಂದಿನಿಂದ ಕೂಗಿ ಕರೆಯೋ ಹಾಗೂ ಇಲ್ಲ, ಹೋದೋಳು ಮತ್ತೆ ಬರೋ ಹಾಗೂ ಇಲ್ಲ.

ಆ ಹಟ್ಟೀಲಿ ಮೈಲಮ್ಮ ಅನ್ನೋಳ ಮನೆಗೆ ಹೊಳೆಯಾಚೆಯಿಂದ ಒಬ್ಬಳು ಸೊಸೆ ಬಂದ್ಲಂತೆ. ಚಿಕ್ಕೀರಿ ಅಂತ ಹೆಸರು. ಕೆಲಸಕ್ಕೆ ಗಟ್ಟಿ, ಮಾತು ಕಮ್ಮಿ, ಆದ್ರೆ ಆ ಹುಡುಗಿ ಎದೆಗೂಡಿನೊಳಗೆ ಇನ್ನೊಬ್ಬಳು ಕೂತಿದ್ದಳಂತೆ. ನಗಬೇಡ, ಕೇಳು. ಬೆರಳುದ್ದ ಇದ್ದಳಂತೆ ಆ ಒಳಗಿನೋಳು. ಅವಳಿಗೂ ಒಂದು ಕದಿರು, ಹಗಲೂ ರಾತ್ರಿ ನೂಲ್ತಾನೇ ಇರೋಳು. ಉಣ್ಣೆ? ಉಣ್ಣೆ ಯಾಕೆ ಬೇಕು ಅವಳಿಗೆ! ಒಂದು ಎಳೆ ಸಿಕ್ಕಿದ್ರೆ ಸಾಕು, ಅದರಿಂದ ಇಡೀ ಕಂಬಳಿಗಾಗೋಷ್ಟು ನೂತುಬಿಡೋಳು.

ಅವಳು ಹೇಗೆ ಬಂದ್ಲು ಅಂತೀಯಾ? ಚಿಕ್ಕೀರಿಗೆ ಹೆತ್ತೋರಿಲ್ಲ. ಮೊದಲು ದೊಡ್ಡಮ್ಮನ ಮನೇಲಿ ಇದ್ಲು, ಆಮೇಲೆ ಸೋದರತ್ತೆ ಮನೇಲಿ, ಆಮೇಲೆ ದೂರದ ಒಬ್ಬ ಚಿಕ್ಕಪ್ಪನ ಮನೇಲಿ. ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಿಸುವಾಗ ಯಾರೂ ಅವಳಿಗೆ ಹೀಗೆ ಅಂತ ಹೇಳಲಿಲ್ಲವಂತೆ. ಎರಡು ದಿನ ಮುಂಚೆಯಿಂದ ಮನೆಯೋರ ಮಾತು ನಿಲ್ಲೋದು. ಮೂರನೇ ದಿನ ಬೆಳಿಗ್ಗೆ ಎದ್ದು ನೋಡಿದ್ರೆ ಅವಳ ಬಟ್ಟೆ ಗಂಟಾಗಿ ಬಾಗಿಲ ಪಕ್ಕ ಕೂತಿರೋದು. ಅಷ್ಟೇ. ಪಾಪ, ಎಂಟು ವರ್ಷದ ಕೂಸು ಏನು ಮಾಡುತ್ತೆ? ಯಾರ ಬಾಯಿ ಮುಚ್ಚಿದ್ರೂ ಅದಕ್ಕೆ ಬಾಗಿಲ ಪಕ್ಕದ ಗಂಟು ಕಾಣೋದು. ಆವತ್ತಿಂದ ಒಳಗಿನೋಳು ನೂಲೋಕೆ ಕೂತ್ಲು, ಮತ್ತೆ ಏಳಲೇ ಇಲ್ಲ.

ಇನ್ನು ಈ ಮೈಲಮ್ಮ ಎಂಥೋಳು ಅಂದ್ರೆ, ದಿನಕ್ಕೆ ಹತ್ತು ಮಾತಾಡಿದ್ರೆ ಹೆಚ್ಚು. ಅದರಲ್ಲೂ ಆರು ಮಾತು ಕುರಿಮರಿ ಜೊತೆ. ನೋಡು, ಎಂಥ ಅತ್ತೆಗೆ ಎಂಥ ಸೊಸೆ ಗಂಟುಬಿದ್ಲು!

ಹೂಂ ಅನ್ನು. ಹಾಂ.

ಬಂದು ಒಂದು ತಿಂಗಳಾಗಿತ್ತಂತೆ. ಒಂದು ಬೆಳಿಗ್ಗೆ ಚಿಕ್ಕೀರಿ ಬಾವಿಗೆ ನೀರಿಗೆ ಹೋದ್ಲು. ಅಲ್ಲಿ ನಾಲ್ಕೈದು ಹೆಂಗಸರು ಹೊಟ್ಟೆ ಹಿಡ್ಕೊಂಡು ನಗ್ತಿದ್ರು. ಇವಳು ಹತ್ತಿರ ಬಂದಿದ್ದೇ ತಡ, ಎಲ್ಲರ ಬಾಯಿಗೂ ಬೀಗ. ಒಬ್ಬಳು ಕೆಮ್ಮಿದಳು, ಒಬ್ಬಳು ಹಗ್ಗ ನೋಡ್ಕೊಂಡ್ಲು. ಚಿಕ್ಕೀರಿ ತಲೆ ತಗ್ಗಿಸಿ ನೀರು ಸೇದ್ಕೊಂಡು ಬಂದ್ಲಂತೆ. ದಾರಿ ಉದ್ದಕ್ಕೂ ಒಳಗಿನೋಳು ಕದಿರು ತಿರುಗಿಸಿದ್ದೇ ತಿರುಗಿಸಿದ್ದು. ನಿನ್ನ ಬಗ್ಗೆನೇ ಆಡ್ಕೊಂಡಿದ್ದು ಕಣೇ. ತಾಯಿಲ್ಲದೋಳು ಅಂತ, ಮೂರು ಮನೆ ಬಿಟ್ಟೋಳು ಅಂತ. ನಿನ್ನ ಅತ್ತೆನೇ ಹೇಳಿರ್ತಾಳೆ. ಹಟ್ಟಿಗೆಲ್ಲ ಗೊತ್ತಾಗಿದೆ, ನಿನ್ನ ಕಳಿಸೋ ದಿನಾನೂ ಗೊತ್ತುಮಾಡಿ ಆಗಿದೆ. ಮನೆಗೆ ಬರೋ ಹೊತ್ತಿಗೆ ದಾರೀಲೆಲ್ಲ ತುಳುಕಿ ಕೊಡದಲ್ಲಿ ಅರ್ಧ ನೀರೂ ಉಳಿದಿರಲಿಲ್ಲ. ಮೈಲಮ್ಮ ಕೊಡ ನೋಡಿದ್ಲು, ಸೊಸೆ ಮುಖ ನೋಡಿದ್ಲು, ಏನೂ ಕೇಳ್ಲಿಲ್ಲ. ನೋಡಿದ್ಯಾ, ಕೇಳ್ಲಿಲ್ಲ, ಅಂದ್ಲು ಒಳಗಿನೋಳು.

ಆಮೇಲೆ ಬೇಸಿಗೆ ಬಂತು. ಹಟ್ಟಿಯ ಸುತ್ತ ಹುಲ್ಲು ಮುಗೀತು, ಗಂಡಸರು ಕುರಿ ಹೊಡ್ಕೊಂಡು ಎರಡು ತಿಂಗಳ ಮಟ್ಟಿಗೆ ದೂರ ಹೊರಟರು. ಚಿಕ್ಕೀರಿ ಗಂಡ ಸಿದ್ದಬೀರನೂ ಹೊರಟ. ಒಳ್ಳೆ ಹುಡುಗ, ಹಿಂದಿನ ದಿನ ಅವಳಿಗೆ ಅಂತ ಬೆಟ್ಟದಿಂದ ಜೇನು ತಂದುಕೊಟ್ಟಿದ್ದ. ಇವಳು ಬಾಗಿಲಲ್ಲಿ ನಿಂತು ನೋಡಿದ್ಲು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಕುರಿ ಮುಂದೆ ಹೆಜ್ಜೆ ಹಾಕ್ತಾ ಹೋದ. ಈಗ ತಿರುಗ್ತಾನೆ ಅಂದ್ಕೊಂಡ್ಲು. ಬೇವಿನ ಮರ ದಾಟಿದ, ತಿರುಗ್ಲಿಲ್ಲ. ಗಡಿಕಲ್ಲಿನ ಹತ್ತಿರ ತಿರುಗ್ತಾನೆ ಅಂದ್ಕೊಂಡ್ಲು. ಧೂಳೆದ್ದಿತು, ಧೂಳು ಇಳೀತು, ಅವನೂ ಇಲ್ಲ, ಕುರಿನೂ ಇಲ್ಲ. ಒಂದೇ ಒಂದು ಸಲ ಹಿಂದೆ ತಿರುಗಿ ನೋಡಲಿಲ್ಲವಂತೆ. ಒಳಗಿನೋಳಿಗೆ ಹಬ್ಬ. ಜೇನು ಕೊಟ್ಟಿದ್ದು ಸಮಾಧಾನಕ್ಕೆ ಕಣೇ, ಮನಸ್ಸು ಎಂದೋ ಮುರಿದಿದೆ. ಅವನು ವಾಪಸ್ ಬರೋಷ್ಟರಲ್ಲಿ ನೀನು ಈ ಮನೇಲಿ ಇರಬಾರದು ಅಂತ ತಾಯಿ ಮಗ ಮಾತಾಡ್ಕೊಂಡಿದ್ದಾರೆ ಅಂತ.

ಚಿಕ್ಕೀರಿಗೆ ಕೂತಲ್ಲಿ ಕೂರೋಕಾಗದು. ಗುಡಿಸಿದ ಅಂಗಳಾನೇ ಮತ್ತೆ ಗುಡಿಸೋಳು. ಒಲೆ ಹತ್ತಿಸೋಕೆ ಹೋಗಿ ಬೆಂಕಿ ಮುಂದೆ ಸುಮ್ಮನೆ ನಿಲ್ಲೋಳು. ಹೊರಗೆ ಯಾರಾದರೂ ಬಾಗಿಲು ಎಳೆದ್ರೆ ಎದ್ದು ಇಣುಕಿ ನೋಡೋಳು. ಎರಡು ತುತ್ತು ತಿಂದು ಉಳಿದದ್ದನ್ನ ಹಾಗೇ ತಟ್ಟೇಲಿ ಬಿಟ್ಟು ಎದ್ದುಹೋಗೋಳು. ಮೈಲಮ್ಮ ಆ ತಟ್ಟೆ ನೋಡೋಳು, ಮತ್ತೂ ಮಾತು ಕಮ್ಮಿ ಮಾಡೋಳು. ಹತ್ತು ಮಾತು ಎಂಟಾಯ್ತು, ಎಂಟು ಐದಾಯ್ತು. ಕುರಿಮರಿಗೂ ಕಡಿತ ಆಯ್ತಂತೆ.

ಒಂದೇ ಒಂದು ಸಮಾಧಾನ ಅಂದ್ರೆ ನೂಲು. ಕದಿರು ಕೈಗೆ ಬಂದ್ರೆ ಅವಳ ಮನಸ್ಸು ಸ್ವಲ್ಪ ಕೂರೋದು. ಐದು ದಿನಕ್ಕೊಂದು ಉಂಡೆ ನೂತು ಅತ್ತೆ ಕೈಗೆ ಕೊಡೋಳು, ಅತ್ತೆ ಹೂಂ ಅಂತ ಇಸ್ಕೊಂಡು ಬುಟ್ಟಿಗೆ ಹಾಕೋಳು. ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ.

ಆಮೇಲೆ ಒಂದು ದಿನ ಊಟದ ಹೊತ್ತು ಕಳೆದಿತ್ತು. ಮನೆ ಹಿಂದೆ ಕುರಿ ಕೂಡೋ ರೊಪ್ಪ ಇತ್ತು, ಮುಳ್ಳಿನ ಬೇಲಿ ಕಟ್ಟಿದ್ದು. ಚಿಕ್ಕೀರಿ ಬೂದಿ ಚೆಲ್ಲೋಕೆ ಅಂತ ಆ ಕಡೆ ಹೋದ್ರೆ, ಬೇಲಿ ಮರೇಲಿ ಮೈಲಮ್ಮ ಕೂತಿದ್ಲು. ಅವಳ ಮಡಿಲಲ್ಲಿ ಆವತ್ತು ಬೆಳಿಗ್ಗೆ ಚಿಕ್ಕೀರಿ ಕೊಟ್ಟ ಉಂಡೆ. ಮೈಲಮ್ಮ ಆ ಉಂಡೆ ಬಿಚ್ತಾ ಇದ್ದಳಂತೆ! ಬಿಚ್ಚಿ, ಹುರಿ ಬಿಡಿಸಿ, ಐದು ದಿನದ ನೂಲನ್ನ ಮತ್ತೆ ಬರೀ ಉಣ್ಣೆ ಮಾಡಿ ಮಡಿಲಿಗೆ ಹಾಕ್ಕೊಳ್ತಾ ಇದ್ದಳಂತೆ. ಅದೂ ಕದ್ದು ಮುಚ್ಚಿ, ಆಗಾಗ ಮನೆ ಕಡೆ ನೋಡ್ಕೊಂಡು.

ಚಿಕ್ಕೀರಿ ಬೂದಿ ಅಲ್ಲೇ ಬಿಟ್ಲು. ಸದ್ದು ಮಾಡದೆ ಒಳಗೆ ಬಂದ್ಲು. ಇನ್ನೇನು ಬೇಕೇ ನಿನಗೆ, ಅಂದ್ಲು ಒಳಗಿನೋಳು. ನೀನು ನೂತದ್ದು ಈ ಮನೆಗೆ ಬೇಡ, ನೀನೂ ಬೇಡ. ನಾಳೆ ಬೆಳಿಗ್ಗೆ ಬಾಗಿಲ ಪಕ್ಕ ಗಂಟು ಇರುತ್ತೆ. ಅವರು ಕಟ್ಟೋಕೆ ಮುಂಚೆ ನೀನೇ ಕಟ್ಟು. ಸರಿ, ಎರಡು ಸೀರೆ, ಎರಡು ರೊಟ್ಟಿ ಗಂಟು ಕಟ್ಟಿದ್ಲು. ಸೂರಿನಿಂದ ಕದಿರು ಕಿತ್ಕೊಂಡ್ಲು. ಹೊರಟೇಬಿಟ್ಲು. ಎಲ್ಲಿಗೆ ಅಂತ ಕೇಳ್ತೀಯಾ? ಅದನ್ನೇ ಅವಳು ಕೇಳ್ಕೊಳ್ಳಲಿಲ್ಲ ನೋಡು. ತವರು ಇದ್ರೆ ತಾನೇ ಹೋಗೋಕೆ! ಬಿಸಿಲಲ್ಲಿ ಕಾಲು ಸುಡ್ತಿದ್ರೂ ಗೊತ್ತಾಗದ ಹಾಗೆ ಗಡಿಕಲ್ಲಿನ ಕಡೆ ದಡದಡ ನಡೆದ್ಲಂತೆ.

ಅರ್ಧ ದಾರಿ ಹೋಗಿರಬೇಕು, ಹಿಂದೆ ಏನೋ ಸದ್ದಾಯ್ತು. ನೋಡಿದ್ರೆ ರೊಪ್ಪ ಕಾಯೋ ನಾಯಿ, ಬೋಡ ಅಂತ ಅದರ ಹೆಸರು, ನಾಲಿಗೆ ಹೊರಗೆ ಹಾಕ್ಕೊಂಡು ಬರ್ತಾ ಇದೆ. ನೋಡ್ದೇನೇ, ಅಂದ್ಲು ಒಳಗಿನೋಳು, ಅತ್ತೆ ನಾಯಿ ಬಿಟ್ಟಿದ್ದಾಳೆ, ನೀನು ಮನೆ ಸಾಮಾನು ಕದ್ದು ಹೋಗ್ತಿದ್ದೀಯ ಅಂತ. ಚಿಕ್ಕೀರಿಗೆ ಉರಿದುಹೋಯ್ತು. ಒಂದು ಹೆಂಟೆ ಎತ್ತಿ ಬೀಸಿದ್ಲು. ಬೋಡ ಪಕ್ಕಕ್ಕೆ ಹಾರಿ ಕೂತ್ಕೊಳ್ತು. ಇವಳು ನಾಲ್ಕು ಹೆಜ್ಜೆ ಹಾಕಿದ್ರೆ ಅದೂ ನಾಲ್ಕು ಹೆಜ್ಜೆ. ಕದ್ದಿದ್ದೀಯ ಅಂತಲ್ಲ, ಅಂದ್ಲು ಒಳಗಿನೋಳು, ನೀನು ನಿಜವಾಗ್ಲೂ ತೊಲಗಿದ್ಯಾ ಅಂತ ನೋಡ್ಕೊಂಡು ಬರೋಕೆ ಕಳಿಸಿದ್ದಾಳೆ. ಚಿಕ್ಕೀರಿ ಕಣ್ಣಲ್ಲಿ ನೀರು ಬಂತು, ಒರೆಸ್ಕೊಂಡು ಓಡಿದ್ಲು. ನಾಯಿನೂ ಓಡ್ತು. ಗಡಿಕಲ್ಲು ಬಂತು. ಇವಳು ಕಾಲು ಎತ್ತಬೇಕು, ಬೋಡ ಮುಂದೆ ಬಂದು ಕಲ್ಲಿಗೆ ಅಡ್ಡ ಕೂತು ಇವಳನ್ನೇ ದಿಟ್ಟಿಸಿ ನೋಡ್ತು. ಹೋಯ್, ಅಂದ್ಲು ಒಳಗಿನೋಳು, ನಾಯಿ ಕೂಡ ನಿನ್ನ ಹಂಗಿಸ್ತಾ ಇದೆ ಕಣೇ, ನಾಲ್ಕನೇ ಮನೆಯಿಂದಲೂ ಹೋದ್ಯಾ ಅಂತ.

ಅಷ್ಟರಲ್ಲಿ ಬೋಡನ ಬಾಯಿಂದ ಒಂದು ತೊಟ್ಟು ಜೊಲ್ಲು ನೆಲಕ್ಕೆ ಬಿತ್ತು. ಚಿಕ್ಕೀರಿ ನೋಡಿದ್ಲು. ನಾಯಿ ಕಣ್ಣು ಅವಳ ಮುಖದ ಮೇಲೆ ಇರಲೇ ಇಲ್ಲ. ಗಂಟಿನ ಮೇಲಿತ್ತು. ಗಂಟು ಎಡಕ್ಕೆ ಹೋದ್ರೆ ಕಣ್ಣು ಎಡಕ್ಕೆ, ಗಂಟು ಬಲಕ್ಕೆ ಹೋದ್ರೆ ಕಣ್ಣು ಬಲಕ್ಕೆ.

ರೊಟ್ಟಿ! ಅದಕ್ಕೆ ಬೇಕಾಗಿದ್ದು ರೊಟ್ಟಿ!

ಚಿಕ್ಕೀರಿಗೆ ಎಲ್ಲಿತ್ತೋ ನಗು, ಆ ಬಟ್ಟಬಯಲಲ್ಲಿ ಒಬ್ಬಳೇ ನಿಂತು ಕಣ್ಣೀರು ಸುರಿಸ್ಕೊಂಡು ನಕ್ಕಳಂತೆ. ಗಂಟು ಬಿಚ್ಚಿ ಒಂದು ರೊಟ್ಟಿ ಕೊಟ್ಲು. ನಾಯಿ ತಿನ್ನೋದನ್ನ ನೋಡ್ತಾ ನೋಡ್ತಾ ಅವಳ ನಗು ನಿಂತಿತು. ಅಲ್ಲ, ಈ ನಾಯಿ ಬಾಯೇ ಬಿಟ್ಟಿಲ್ಲ. ಕಳ್ಳಿ ಅಂತು, ತೊಲಗು ಅಂತು, ಹಂಗಿಸ್ತು ಅಂತ ನಾನು ಅಳ್ತಾ ಓಡಿದೆನಲ್ಲ, ಅಷ್ಟೆಲ್ಲ ಆಡಿದ್ದು ಯಾರು? ಅಂದ್ಕೊಂಡ್ಲಂತೆ.

ಒಳಗೆ ಕದಿರು ನಿಂತಿತು. ಅಷ್ಟು ವರ್ಷದಲ್ಲಿ ಮೊದಲನೇ ಸಲ.

ಯಾರೇ ನೀನು, ಕೇಳಿದ್ಲು ಚಿಕ್ಕೀರಿ. ನಾನು ನಿನ್ನ ಕಾವಲಿನೋಳು, ಅಂತ ಸಣ್ಣ ದನಿ ಬಂತು. ನಿನ್ನ ಎರಡು ಸಲ ಹೇಳದೆ ಕೇಳದೆ ಎತ್ತಿ ಹಾಕಿದ್ರು. ಮೂರನೇ ಸಲ ನಿನಗೆ ಮೊದಲೇ ಗೊತ್ತಾಗ್ಲಿ ಅಂತ ನಾನು ನೂಲ್ತೀನಿ. ಚಿಕ್ಕೀರಿಗೆ ಸಿಟ್ಟು ಬರಲಿಲ್ಲವಂತೆ, ಅಯ್ಯೋ ಅನ್ನಿಸಿತಂತೆ. ಎಂಟು ವರ್ಷದ ಕೂಸಿನ ದನಿ ಅದು. ಕಲ್ಲಿನ ಈಚೆಗೆ ಕೂತ್ಕೊಂಡು ಮೆಲ್ಲಗೆ ಕೇಳಿದ್ಲು, ಇವತ್ತು ನೀನು ಏನು ಕಂಡೆ ಹೇಳು. ಅತ್ತೆ ನೂಲು ಬಿಚ್ಚಿದ್ದು ಕಂಡೆ. ಸರಿ, ಆಮೇಲೆ? ನಿನ್ನ ಓಡಿಸ್ತಾರೆ. ಅದನ್ನ ಕಂಡ್ಯಾ? ಇಲ್ಲ. ಮತ್ತೆ? ನೂತೆ, ಅಂತು ಆ ದನಿ.

ಕಂಡಿದ್ದು ಒಂದು ಎಳೆ. ಉಳಿದದ್ದೆಲ್ಲ ನೂತದ್ದು. ಹಾಗಂತ ಚಿಕ್ಕೀರಿಗೆ ಧೈರ್ಯ ಬಂತು ಅಂದ್ಕೋಬೇಡ, ಇನ್ನೂ ಹೆದರಿಕೆ ಆಯ್ತು. ಹೋಗಿ ಕೇಳಬೇಕು. ಕೇಳಿದ್ರೆ, ಹೌದಮ್ಮ, ನೀನು ನಮಗೆ ಬೇಡ ಅಂತ ಅತ್ತೆ ಬಾಯಿಂದನೇ ಬಂದ್ರೆ? ಕಲ್ಲು ದಾಟಿ ಓಡಿಹೋಗೋದು ಎಷ್ಟೋ ಸುಲಭ. ಎದ್ದಳು, ಕೂತಳು, ಮತ್ತೆ ಎದ್ದಳು. ಕೊನೆಗೆ ಬಾರೋ ಬೋಡ, ಅಂತ ಹಟ್ಟಿ ಕಡೆ ತಿರುಗಿದ್ಲಂತೆ.

ಬಿಸಿಲು ಇಳಿದಿತ್ತು, ಮನೆ ಕಂಡಿತು. ಮೈಲಮ್ಮ ಹೊಸಿಲ ಮೇಲೆ ಕೂತಿದ್ಲು, ಕೈ ಎರಡೂ ಮಡಿಲಲ್ಲಿ. ನೋಡು, ಶುರು ಮಾಡಿದ್ಲು ಒಳಗಿನೋಳು, ನೀನು ಹೋದ್ರೂ ಹುಡುಕೋಕೆ ಎದ್ದಿಲ್ಲ. ಇರು, ಅಂದ್ಲು ಚಿಕ್ಕೀರಿ, ಕೂತಿರೋದು ಕಂಡೆ, ಮಿಕ್ಕಿದ್ದು ಕೇಳ್ತೀನಿ. ಹೋಗಿ ಅತ್ತೆ ಮುಂದೆ ನಿಂತು, ಅತ್ತೆಮ್ಮಾ, ನೀವು ನನ್ನ ನೂಲು ಬಿಚ್ಚೋದು ನೋಡಿದೆ. ಯಾಕೆ ಅಂತ ನನ್ನ ಮನಸಿಗೆ ಬಂದಂಗೆ ಕಟ್ಟಿಕೊಂಡೆ. ಅದು ಬ್ಯಾಡ, ಯಾಕೆ ಅಂತ ನೀವೇ ಹೇಳಿ. ನಾನು ಬ್ಯಾಡವಾದ್ರೆ ಅದನ್ನೂ ನಿಮ್ಮ ಬಾಯಾಗೇ ಹೇಳಿ, ಅಂದ್ಲಂತೆ.

ಮೈಲಮ್ಮ ತಲೆ ಎತ್ತಿದ್ಲು. ಕಣ್ಣು ಕೆಂಪಗಿತ್ತು. ಮೊದಲು ಸೊಸೆ ಕೈಯಲ್ಲಿದ್ದ ಕದಿರು ಮುಟ್ಟಿದ್ಲು, ಆಮೇಲೆ ಸೊಸೆ ಕೈ ಹಿಡ್ಕೊಂಡ್ಲು. ಕಲ್ಲು ದಾಟಿದ್ಯೇನವ್ವಾ? ಕೇಳಿದ್ಲು. ಇಲ್ಲ ಅತ್ತೆಮ್ಮ. ಆಗ ಆ ಮಾತಿಲ್ಲದ ಹೆಂಗಸು ಹೋ ಅಂತ ಅತ್ತುಬಿಟ್ಟಳಂತೆ.

ವಿಷಯ ಏನು ಗೊತ್ತಾ? ಹೊಳೆಯಾಚೆ ಕಡೆ ಹೆಂಗಸರು ಕದಿರನ್ನ ತೊಡೆ ಮೇಲೆ ಮಂಡಿಯಿಂದ ಮೇಲಕ್ಕೆ ಉಜ್ಜಿ ತಿರುಗಿಸ್ತಾರೆ. ಈ ಹಟ್ಟೀಲಿ ಮೇಲಿಂದ ಮಂಡಿ ಕಡೆಗೆ. ಅಲ್ಲಿನದು ಎಡಹುರಿ, ಇಲ್ಲಿನದು ಬಲಹುರಿ. ಎರಡನ್ನೂ ಒಂದೇ ಕಂಬಳಿಗೆ ಸೇರಿಸಿದ್ರೆ ಗಂಟು ಹಾಕಿದ ಕಡೆ ಬಿಚ್ಚಿಕೊಳ್ಳುತ್ತೆ, ಕಂಬಳಿ ಸುರುಟಿಕೊಳ್ಳುತ್ತೆ. ಚಿಕ್ಕೀರಿ ನೂಲು ಸಣ್ಣ, ನಯ, ಅಂಥ ನೂಲು ಹಟ್ಟೀಲೇ ಇಲ್ಲ, ಆದ್ರೆ ಹುರಿ ತಿರುಗಾಮುರುಗ. ಅದಕ್ಕೇ ಮೈಲಮ್ಮ ಮಧ್ಯಾಹ್ನ ಕದ್ದು ಕೂತು, ಸೊಸೆ ನೂತದ್ದನ್ನೆಲ್ಲ ಬಿಚ್ಚಿ ಮತ್ತೆ ತಾನು ನೂಲ್ತಿದ್ದಳು, ಐದು ತಿಂಗಳಿಂದ! ಬೆರಳ ತುದಿ ಎಲ್ಲ ಬಾತುಹೋಗಿತ್ತಂತೆ.

ಹೇಳಬಾರದಿತ್ತಾ ಅತ್ತೆಮ್ಮ, ಅಂದ್ಲು ಚಿಕ್ಕೀರಿ. ಹೆಂಗೆ ಹೇಳಲವ್ವಾ, ಅಂದ್ಲು ಮೈಲಮ್ಮ. ದೊಡ್ಡ ಮಗನ ಹೆಂಡ್ತಿಗೆ ಹಿಂಗೇ ಒಂದು ಮಾತು ಅಂದೆ, ನೂಲು ದಪ್ಪ ಆಯ್ತು ಅಂತ. ಮಾರನೇ ದಿನ ಕದಿರು ಕಿತ್ಕೊಂಡು ಕಲ್ಲು ದಾಟಿದ್ಲು. ಮಗನೂ ಅವಳ ಹಿಂದೆ ಹೋದ, ಇವತ್ತಿಗೂ ಬಂದಿಲ್ಲ. ನನ್ನ ಬಾಯಿಂದಲೇ ಮನೆ ಮುರೀತೈತೆ ಅಂತ ಬಾಯಿ ಹೊಲ್ಕೊಂಡೆ. ನೀನು ಬಂದೆ. ತಟ್ಟೇಲಿ ಅನ್ನ ಬಿಟ್ಟು ಏಳ್ತಿದ್ದೆ, ಮುಖ ಕೊಟ್ಟು ಮಾತಾಡ್ತಿರಲಿಲ್ಲ. ಈ ಮನೆ ಇವಳಿಗೆ ಹಿಡಿಸ್ಲಿಲ್ಲ, ಇವತ್ತು ಹೋಗ್ತಾಳೆ, ನಾಳೆ ಹೋಗ್ತಾಳೆ ಅನ್ಕೊಂಡೆ. ದಿನಾ ಸಂಜೆ ಸೂರಿಗೆ ಕೈ ಹಾಕಿ ನಿನ್ನ ಕದಿರು ಐತಾ ಅಂತ ಮುಟ್ಟಿ ನೋಡ್ತಿದ್ದೆ. ಇವತ್ತು ಕೈ ಹಾಕಿದೆ, ಇರಲಿಲ್ಲ.

ಚಿಕ್ಕೀರಿ ಅತ್ತೆ ಪಕ್ಕದಲ್ಲೇ ಹೊಸಿಲ ಮೇಲೆ ಕೂತುಬಿಟ್ಲಂತೆ. ಅಯ್ಯೋ, ಇವರೊಳಗೂ ಒಬ್ಬಳು ಕೂತಿದ್ದಾಳೆ! ಒಂದೇ ಸೂರಿನ ಕೆಳಗೆ ಇಬ್ಬರು ಮಾತಿಲ್ಲದ ಹೆಂಗಸರು, ಒಳಗೆ ಇಬ್ಬರು ಬಾಯಿ ಮುಚ್ಚದ ಹೆಂಗಸರು!

ಆಮೇಲೆ ಮೈಲಮ್ಮ ಅಂದ್ಲು, ನಿನ್ನ ಕೈ ತಿದ್ದೋದು ಬ್ಯಾಡ, ನಿನ್ನ ನೂಲಿಗೇ ಬೇರೆ ಕಂಬಳಿ ಹಾಕ್ಸೋಣ, ಅಡಿಯಿಂದ ಮುಡಿವರೆಗೂ ಎಡಹುರಿ. ಹಾಗೇ ಮಾಡಿದ್ರು. ಸಂತೇಲಿ ಆ ಕಂಬಳಿಗೆ ಜನ ಮುಗಿಬೀಳೋರಂತೆ.

ಆಮೇಲೆ ಸಿದ್ದಬೀರ ಬಂದ. ಅವನನ್ನೂ ಕೇಳಿದ್ಲು, ಹೋಗುವಾಗ ಯಾಕೆ ತಿರುಗಿ ನೋಡ್ಲಿಲ್ಲ ಅಂತ. ಅವನು ತಲೆ ಕೆರ್ಕೊಂಡ. ಮುಂದೆ ಹೋಗೋನು ತಿರುಗಿದ್ರೆ ಕುರಿ ಎಲ್ಲ ತಿರುಗ್ತಾವಲ್ಲೇ, ಮತ್ತೆ ಅವನ್ನ ಕೂಡಿಸೋಕೆ ಅರ್ಧ ದಿನ ಬೇಕು. ನನಗೇನು ಆಸೆ ಇರಲಿಲ್ವಾ, ಗುಡ್ಡ ಮರೆಯಾಗೋ ತನಕ ಕುತ್ತಿಗೆ ಕಡೀತಿತ್ತು, ಅಂದ.

ಇನ್ನು ಬಾವಿ ಹೆಂಗಸರು. ಅವರನ್ನೂ ಬಿಡಲಿಲ್ಲ ಇವಳು. ಆವತ್ತು ನಾನು ಬಂದಾಗ ಮಾತು ನಿಲ್ಲಿಸಿದ್ರಲ್ಲ, ನನ್ನ ಬಗ್ಗೆನಾ ಅಂತ ಕೇಳೇಬಿಟ್ಲು. ಅವರು ಮುಖ ಮುಖ ನೋಡ್ಕೊಂಡ್ರು. ಒಬ್ಬಳು ಸೆರಗು ಬಾಯಿಗಿಟ್ಕೊಂಡು ಅಂದ್ಲು, ಹೂಂ ಕಣವ್ವಾ, ನಿನ್ನ ಬಗ್ಗೆನೇ. ನೀನು ಮಾಡಿದ ಮುದ್ದೆ ಎಸೆದ್ರೆ ತೋಳದ ತಲೆ ಒಡೀತೈತೆ ಅಂತ ಆಡ್ಕೊಂಡು ನಗ್ತಿದ್ವಿ. ಅಂದ್ರೆ ಒಳಗಿನೋಳು ಅಷ್ಟರಮಟ್ಟಿಗೆ ಸರಿಯಾಗೇ ಹೇಳಿದ್ಲು ನೋಡು! ಚಿಕ್ಕೀರಿಗೆ ಚುರುಕ್ ಅಂತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ತಾಯಿಲ್ಲದೋಳು ಅಂದಿರಲಿಲ್ಲ, ಮೂರು ಮನೆ ಬಿಟ್ಟೋಳು ಅಂದಿರಲಿಲ್ಲ. ಮುದ್ದೆ ಗಟ್ಟಿ ಅಂದಿದ್ರು. ಅದು ನಿಜವೂ ಆಗಿತ್ತಂತೆ.

ಹಾಂ, ಇನ್ನೂ ಎಚ್ಚರ ಇದ್ದೀಯಾ? ಒಳಗಿನೋಳು ಏನಾದ್ಲು ಅಂತೀಯಾ? ಎಲ್ಲಿಗೆ ಹೋಗ್ತಾಳೆ, ಅವಳಿಗೂ ಬೇರೆ ಮನೆ ಇಲ್ವಲ್ಲ. ಅಲ್ಲೇ ಇದ್ಲು.

ಮುಂದೆ ಒಂದು ಬೆಳಿಗ್ಗೆ ಚಿಕ್ಕೀರಿ ಎದ್ದು ಬಂದ್ರೆ, ಮೈಲಮ್ಮ ಒಲೆ ಮುಂದೆ ಮುಖ ಊದಿಸ್ಕೊಂಡು ಕೂತಿದ್ದಾಳೆ. ಅತ್ತೆಮ್ಮ ಅಂದ್ರೆ ಉತ್ತರ ಇಲ್ಲ. ನೀರು ಕಾಯಿಸ್ಲಾ ಅಂದ್ರೆ ಆ ಕಡೆ ತಿರುಗಿಕೊಂಡ್ಲು. ಒಳಗಿನೋಳು ಲಬಕ್ಕನೆ ಕದಿರು ಹಿಡ್ಕೊಂಡ್ಲು. ನಿನ್ನೆ ರಾತ್ರಿ ನೀನು ಜೋರಾಗಿ ನಕ್ಕಿದ್ದು ಅವಳಿಗೆ ಆಗಿಲ್ಲ. ಮನಸ್ಸು ಮುರಿದಿದೆ. ಮಾತು ನಿಂತಿದೆ. ಮಾತು ನಿಂತರೆ ಏನಾಗುತ್ತೆ ಗೊತ್ತಲ್ಲ...

ಚಿಕ್ಕೀರಿ ಅಷ್ಟನ್ನೂ ಕೇಳಿಸ್ಕೊಂಡ್ಲು. ಕೇಳಿಸ್ಕೊಂಡು, ಹೋಗಿ ಅತ್ತೆ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅತ್ತೆಮ್ಮಾ, ಮುಖ ಯಾಕೆ ಹಿಂಗೈತೆ, ನನ್ನ ಮೇಲೆ ಸಿಟ್ಟಾ? ಅಂದ್ಲು.

ಮೈಲಮ್ಮ ಕೆನ್ನೆ ಮೇಲೆ ಕೈ ಇಟ್ಕೊಂಡು, ಬಾಯಿ ಅರ್ಧ ಬಿಟ್ಟು ಅಂದಳಂತೆ, ಹಲ್ಲುನೋವು ಕಣೇ, ಹೋಗಿ ಒಂದು ಲವಂಗ ತಗೊಂಬಾ.

ಇವಳು ಲವಂಗ ತರೋಕೆ ಓಡಿದ್ಲು. ಅತ್ತೆಯ ನೋವು ವಾಸಿ ಆಯ್ತು, ಎಲ್ಲರೂ ಸುಖವಾಗಿದ್ರು, ನನ್ನ ಕತೆನೂ ಇಲ್ಲಿಗೆ ಮುಗೀತು. ನಿನ್ನ ಹೂಂ ಆಗಲೇ ನಿಂತಿದೆ. ಮಲಗಿದ್ಯೇನೋ ಅಂತ ನಾನು ಅಂದ್ಕೋಬಹುದು, ಆದ್ರೂ ಕೇಳಿಬಿಡ್ತೀನಿ. ಪುಟ್ಟೀ, ನಿದ್ದೆ ಬಂತೇನೇ?